ಒಂದು ಮಟ್ಟಕ್ಕೆ ಒಂದೇ ಸಂಗ್ರಹ

ಮಳೆಗಾಲ ಆರಂಭವಾಯಿತೆಂದರೆ ಕನ್ನಡ ದಿನಪತ್ರಿಕೆಗಳಲ್ಲಿ ಜಲಾಶಯಗಳ ನೀರಿನ ವಿವರ ಪ್ರಕಟವಾಗತೊಡಗುತ್ತದೆ. ತುಂಗಭದ್ರಾ ಜಲಾಶಯದ ಹೆಸರಿನ ಮುಂದೆ ಸಾಮಾನ್ಯವಾಗಿ ನಾಲ್ಕು ಸಂಖ್ಯೆಗಳಿರುತ್ತವೆ: ನೀರಿನ ಮಟ್ಟ, ಸಂಗ್ರಹ, ಒಳಹರಿವು ಮತ್ತು ಹೊರಹರಿವು. ಮಟ್ಟವನ್ನು ಅಡಿಗಳಲ್ಲಿಯೂ ಸಂಗ್ರಹವನ್ನು ಟಿಎಂಸಿಗಳಲ್ಲಿಯೂ ಹೇಳುವುದು ವಾಡಿಕೆ. ಒಂದು ಟಿಎಂಸಿ ಎಂದರೆ ನೂರು ಕೋಟಿ ಘನ ಅಡಿ ನೀರು. ಹರಿವುಗಳನ್ನು ಕ್ಯೂಸೆಕ್‌ಗಳಲ್ಲಿ, ಅಂದರೆ ಸೆಕೆಂಡಿಗೆ ಎಷ್ಟು ಘನ ಅಡಿ ಎಂಬ ಲೆಕ್ಕದಲ್ಲಿ ಕೊಡುತ್ತಾರೆ. ಈ ಒಂದು ಸಾಲನ್ನು ಓದಲು ಕಾಲುವೆಯ ಕೆಳಗಿನ ಊರುಗಳಲ್ಲಿ ಜನ ಕಾದಿರುತ್ತಾರೆ. ಭತ್ತದ ಸಸಿಮಡಿ ಹಾಕಬೇಕೆ, ಇನ್ನೂ ಒಂದು ವಾರ ತಡೆಯಬೇಕೆ ಎಂಬ ನಿರ್ಧಾರ ಅನೇಕ ಮನೆಗಳಲ್ಲಿ ಈ ಸಂಖ್ಯೆಗಳನ್ನು ಅವಲಂಬಿಸಿರುತ್ತದೆ.

ಇವುಗಳಲ್ಲಿ ಸಂಗ್ರಹದ ಸಂಖ್ಯೆ ಸ್ವಲ್ಪ ವಿಚಿತ್ರವಾದುದು. ಕೊಳಗದಿಂದ ರಾಶಿಯನ್ನು ಅಳೆದಂತೆ ಜಲಾಶಯದ ನೀರನ್ನು ಯಾರೂ ಅಳೆದಿಲ್ಲ. ಅಳೆಯಲು ಸಾಧ್ಯವೂ ಇಲ್ಲ. ಹೊಸಪೇಟೆಯ ಬಳಿಯ ಈ ಜಲಾಶಯ ತುಂಬಿದಾಗ ನೀರು ಸುಮಾರು 378 ಚದರ ಕಿಲೋಮೀಟರ್ ಹರಡಿ ನಿಲ್ಲುತ್ತದೆಂದು ಮೂಲ ಲೆಕ್ಕ ಹೇಳುತ್ತದೆ. ಅಣೆಕಟ್ಟೆಯಲ್ಲಿ ನಿಜವಾಗಿ ನೋಡಿ ಬರೆದುಕೊಳ್ಳುವುದು ಒಂದನ್ನೇ: ನೀರು ಯಾವ ಎತ್ತರದಲ್ಲಿದೆ ಎಂಬುದನ್ನು. ಸಂಗ್ರಹ ಆ ಎತ್ತರದಿಂದಲೇ ದೊರೆಯುತ್ತದೆ. ಒಂದು ಸಂಖ್ಯೆಯನ್ನು ಕಂಡು ಇನ್ನೊಂದನ್ನು ಖಚಿತವಾಗಿ ಹೇಳುವ ಈ ಸಾಮರ್ಥ್ಯದ ಹಿಂದೆ ಗಣಿತದ ಒಂದು ಸರಳ ಕಲ್ಪನೆ ಇದೆ. ಅದನ್ನು ಉತ್ಪನ್ನ ಎಂದು ಕರೆಯುತ್ತಾರೆ. ಉತ್ಪನ್ನವನ್ನು ಅರಿಯಲು ಮೊದಲು ಸಂಬಂಧ ಎಂದರೇನೆಂಬುದನ್ನು ತಿಳಿಯಬೇಕು.

ಹೊಸಪೇಟೆ, ಹಂಪಿ, ಸಂಡೂರು, ಕಂಪ್ಲಿ ಎಂಬ ನಾಲ್ಕು ಊರುಗಳನ್ನು ಒಂದು ಗಣವಾಗಿ ತೆಗೆದುಕೊಂಡು ಅದನ್ನು ‘ಅ’ ಎಂದು ಹೆಸರಿಸಬಹುದು. ವಿಜಯನಗರ, ಬಳ್ಳಾರಿ ಎಂಬ ಎರಡು ಜಿಲ್ಲೆಗಳದು ಇನ್ನೊಂದು ಗಣ, ಅದು ‘ಬ’. ಮೊದಲು ಒಂದು ಊರಿನ ಹೆಸರನ್ನೂ ಅನಂತರ ಒಂದು ಜಿಲ್ಲೆಯ ಹೆಸರನ್ನೂ ಬರೆದರೆ (ಸಂಡೂರು, ಬಳ್ಳಾರಿ) ಎಂಬಂತಹ ಒಂದು ಕ್ರಮಯುಗ್ಮ ಸಿದ್ಧವಾಗುತ್ತದೆ. ಇಲ್ಲಿ ಕ್ರಮಕ್ಕೆ ಬೆಲೆಯಿದೆ. ಹಿಂದುಮುಂದು ಮಾಡಿದರೆ ಬೇರೆಯೇ ಯುಗ್ಮವಾಗುತ್ತದೆ. ನಾಲ್ಕು ಊರುಗಳನ್ನೂ ಎರಡು ಜಿಲ್ಲೆಗಳನ್ನೂ ಎಲ್ಲ ರೀತಿಯಿಂದ ಜೋಡಿಸಿದರೆ ಎಂಟು ಕ್ರಮಯುಗ್ಮಗಳು ದೊರೆಯುತ್ತವೆ. ಆದರೆ ‘ಈ ಊರು ಈ ಜಿಲ್ಲೆಯಲ್ಲಿದೆ’ ಎಂಬ ಮಾತು ಆ ಎಂಟರಲ್ಲಿ ನಾಲ್ಕಕ್ಕೆ ಮಾತ್ರ ಸಲ್ಲುತ್ತದೆ: (ಹೊಸಪೇಟೆ, ವಿಜಯನಗರ), (ಹಂಪಿ, ವಿಜಯನಗರ), (ಸಂಡೂರು, ಬಳ್ಳಾರಿ), (ಕಂಪ್ಲಿ, ಬಳ್ಳಾರಿ). ಹೀಗೆ ಎಲ್ಲ ಕ್ರಮಯುಗ್ಮಗಳೊಳಗಿಂದ ಆಯ್ದುಕೊಂಡ ಯಾವುದೇ ಉಪಗಣಕ್ಕೆ ‘ಅ’ದಿಂದ ‘ಬ’ಗೆ ಇರುವ ಸಂಬಂಧ ಎಂದು ಹೆಸರು. ಆಯ್ಕೆಗೆ ಒಂದು ಅರ್ಥವತ್ತಾದ ಕಾರಣ ಇರಲೇಬೇಕೆಂದು ಗಣಿತ ಒತ್ತಾಯಿಸುವುದಿಲ್ಲ. ಮನುಷ್ಯರಿಗೆ ಉಪಯೋಗಕ್ಕೆ ಬರುವ ಸಂಬಂಧಗಳಲ್ಲಿ ಮಾತ್ರ ಅಂತಹ ಕಾರಣ ಇದ್ದೇ ಇರುತ್ತದೆ.

ಈ ಸಂಬಂಧದಲ್ಲಿ ಎರಡು ಗುಣಗಳು ಎದ್ದುಕಾಣುತ್ತವೆ. ನಾಲ್ಕು ಊರುಗಳಲ್ಲಿ ಯಾವುದೂ ಜಿಲ್ಲೆಯಿಲ್ಲದೆ ಉಳಿದಿಲ್ಲ. ಯಾವ ಊರಿಗೂ ಎರಡು ಜಿಲ್ಲೆಗಳಿಲ್ಲ. ಮೊದಲನೆಯ ಗಣದ ಪ್ರತಿಯೊಂದು ಗಣಾಂಶಕ್ಕೂ ಎರಡನೆಯ ಗಣದಲ್ಲಿ ಒಂದು, ಮತ್ತು ಒಂದೇ ಒಂದು, ಗಣಾಂಶವನ್ನು ಗೊತ್ತುಪಡಿಸುವ ಸಂಬಂಧವೇ ಉತ್ಪನ್ನ. ಮೊದಲನೆಯ ಗಣವನ್ನು ಉತ್ಪನ್ನದ ಪ್ರಾಂತವೆಂದೂ, ಎರಡನೆಯ ಗಣದಲ್ಲಿ ನಿಜವಾಗಿ ಬಳಕೆಯಾದ ಗಣಾಂಶಗಳ ಸಮೂಹವನ್ನು ವ್ಯಾಪ್ತಿಯೆಂದೂ ಕರೆಯುತ್ತಾರೆ. ಎರಡು ಊರುಗಳು ಒಂದೇ ಜಿಲ್ಲೆಗೆ ಸೇರಿದರೆ ಉತ್ಪನ್ನಕ್ಕೆ ಬಾಧಕವಿಲ್ಲ. ಆದರೆ ದಿಕ್ಕನ್ನು ತಿರುಗಿಸಿ, ಜಿಲ್ಲೆಯ ಹೆಸರು ಕೊಟ್ಟು ಊರನ್ನು ಕೇಳಿದರೆ ಬಳ್ಳಾರಿಗೆ ಸಂಡೂರು, ಕಂಪ್ಲಿ ಎಂಬ ಎರಡು ಉತ್ತರಗಳು ಬರುತ್ತವೆ. ಆ ತಿರುಗುಮುರುಗಾದ ಸಂಬಂಧ ಉತ್ಪನ್ನವಲ್ಲ.

ಇಲ್ಲಿಯೇ ಒಂದು ಸಂಗತಿಯನ್ನು ಹೇಳಿಡುವುದು ಒಳ್ಳೆಯದು. ಮುಂದೆ ಇದರ ಅಗತ್ಯ ಬೀಳುತ್ತದೆ. ವಿಜಯನಗರ ಜಿಲ್ಲೆ ರಚನೆಯಾದದ್ದು 2021ರಲ್ಲಿ. ಅದಕ್ಕೆ ಮೊದಲು ನಾಲ್ಕೂ ಊರುಗಳು ಬಳ್ಳಾರಿ ಜಿಲ್ಲೆಯಲ್ಲಿದ್ದುವು. ಆಗಲೂ ಸಂಬಂಧ ಉತ್ಪನ್ನವೇ ಆಗಿತ್ತು. ಎಲ್ಲಕ್ಕೂ ಒಂದೇ ಉತ್ತರವಿದ್ದುದರಿಂದ ಅದು ಸ್ಥಿರ ಉತ್ಪನ್ನ. ಊರುಗಳು ಇದ್ದಲ್ಲಿಯೇ ಇದ್ದುವು, ಉತ್ಪನ್ನ ಬದಲಾಯಿತು. ಹಳೆಯ ಪಟ್ಟಿಯನ್ನೂ ಹೊಸ ಪಟ್ಟಿಯನ್ನೂ ಯಾರಾದರೂ ಅರಿಯದೆ ಒಟ್ಟುಗೂಡಿಸಿದರೆ ಹೊಸಪೇಟೆಗೆ ಎರಡು ಜಿಲ್ಲೆಗಳು ಬಂದು, ಉತ್ಪನ್ನ ಕೆಟ್ಟು ಬರಿಯ ಸಂಬಂಧವಾಗುತ್ತದೆ.

ಲೋಕದಲ್ಲಿ ಕಾಣುವ ಎಲ್ಲ ಸಂಬಂಧಗಳೂ ಉತ್ಪನ್ನಗಳಲ್ಲ. ಸಂಡೂರಿನ ಬೆಟ್ಟಗಳಲ್ಲಿ ದೊರೆಯುವ ಹೆಮಟೈಟ್ ಅದಿರನ್ನು ಉದಾಹರಣೆಯಾಗಿ ತೆಗೆದುಕೊಳ್ಳಬಹುದು. ಸಂಪೂರ್ಣ ಶುದ್ಧವಾದ ಹೆಮಟೈಟಿನಲ್ಲಿ ತೂಕದ ನೂರರಲ್ಲಿ ಸುಮಾರು 70 ಪಾಲು ಕಬ್ಬಿಣವಿರುತ್ತದೆ. ಎಲ್ಲ ಅದಿರೂ ಅಷ್ಟೇ ಶುದ್ಧವಾಗಿದ್ದರೆ ಲಾರಿಯ ತೂಕವನ್ನು ಕಂಡೊಡನೆ ಅದರೊಳಗಿನ ಕಬ್ಬಿಣವನ್ನು ಹೇಳಬಹುದಾಗಿತ್ತು. ಆದರೆ ಗಣಿಯಿಂದ ಬರುವ ಅದಿರಿನಲ್ಲಿ ಮಣ್ಣು, ಮರಳುಕಲ್ಲಿನ ಅಂಶ ಬೆರೆತಿರುತ್ತದೆ. ಒಂದು ಹೊರೆಗೆ ನೂರಕ್ಕೆ 60, ಇನ್ನೊಂದಕ್ಕೆ 65 ಎಂದು ಭಾವಿಸಿದರೆ ಹತ್ತು ಟನ್ನಿನ ಎರಡು ಹೊರೆಗಳಲ್ಲಿ ಒಂದು 6 ಟನ್, ಇನ್ನೊಂದು 6.5 ಟನ್ ಕಬ್ಬಿಣವನ್ನು ಕೊಡುತ್ತದೆ. (10, 6) ಮತ್ತು (10, 6.5) ಎಂಬ ಎರಡು ಯುಗ್ಮಗಳು ಒಂದೇ ಪಟ್ಟಿಯಲ್ಲಿ ಬಂದಮೇಲೆ ತೂಕದಿಂದ ಕಬ್ಬಿಣಕ್ಕಿರುವ ಸಂಬಂಧ ಉತ್ಪನ್ನವಾಗಲಾರದು. ಅದಿರಿನ ವ್ಯಾಪಾರದಲ್ಲಿ ತೂಕದ ಜೊತೆಗೆ ದರ್ಜೆಯನ್ನೂ ಕೇಳುವುದು ಇದಕ್ಕಾಗಿಯೇ. ತೂಕ ಮತ್ತು ದರ್ಜೆ ಎರಡನ್ನೂ ಕೊಟ್ಟಾಗ ಕಬ್ಬಿಣದ ಪ್ರಮಾಣ ಒಂದೇ ಆಗಿ ನಿಲ್ಲುತ್ತದೆ.

ಇನ್ನು ಕಂಪ್ಲಿಯ ಸೇತುವೆ. ಅಣೆಕಟ್ಟೆಯಿಂದ ನದಿಗೆ ಭಾರಿ ಪ್ರಮಾಣದಲ್ಲಿ ನೀರು ಬಿಟ್ಟ ವರ್ಷಗಳಲ್ಲಿ ಕಂಪ್ಲಿಯಿಂದ ಗಂಗಾವತಿಗೆ ಹೋಗುವ ಹಾದಿಯ ಸೇತುವೆ ಮುಳುಗಿ ಸಂಚಾರ ನಿಂತದ್ದುಂಟು. ಬಿಟ್ಟ ನೀರಿನ ಪ್ರಮಾಣವನ್ನು ಪ್ರಾಂತವೆಂದೂ ‘ದಾಟಬಹುದು’, ‘ದಾಟಬಾರದು’ ಎಂಬೆರಡನ್ನು ವ್ಯಾಪ್ತಿಯೆಂದೂ ಹಿಡಿದರೆ ಇದೂ ಒಂದು ಉತ್ಪನ್ನವೇ. ಉತ್ತರ ಸಂಖ್ಯೆಯೇ ಆಗಬೇಕೆಂಬ ನಿಯಮವಿಲ್ಲ. ಆದರೆ ಸೇತುವೆ ಮುಳುಗಿದೆ ಎಂಬ ಒಂದೇ ಸುದ್ದಿಯಿಂದ ನದಿಯಲ್ಲಿ ಎಷ್ಟು ಕ್ಯೂಸೆಕ್ ಹರಿಯುತ್ತಿದೆಯೆಂದು ಹೇಳಲಾಗದು. ಅನೇಕ ಹರಿವುಗಳಿಗೆ ಉತ್ತರ ಒಂದೇ ಆಗಿರುವುದರಿಂದ ಹಿಂದಿರುಗುವ ದಾರಿ ಇಲ್ಲಿ ಮುಚ್ಚಿಹೋಗಿದೆ.

ಹಿಂದಿರುಗುವ ದಾರಿಯಿರುವ ಉತ್ಪನ್ನಕ್ಕೆ ಹಂಪಿಯ ವಿರೂಪಾಕ್ಷ ದೇವಾಲಯದಲ್ಲಿ ಪ್ರಸಿದ್ಧವಾದ ನಿದರ್ಶನವಿದೆ. ಅಲ್ಲಿನ ಒಂದು ಕತ್ತಲೆಯ ಕೋಣೆಯ ಗೋಡೆಯ ಮೇಲೆ, ಸಣ್ಣ ರಂಧ್ರದ ಮೂಲಕ ಬಂದ ಬೆಳಕಿನಿಂದ ರಾಜಗೋಪುರದ ತಲೆಕೆಳಗಾದ ಬಿಂಬ ಮೂಡುತ್ತದೆ. ಗೋಪುರದ ಒಂದು ಬಿಂದುವಿನಿಂದ ಹೊರಟು ರಂಧ್ರದ ಮೂಲಕ ಹಾಯ್ದ ಬೆಳಕು ಗೋಡೆಯ ಒಂದೇ ಕಡೆ ಬೀಳುತ್ತದೆ. ಗೋಪುರದ ಆ ಮುಖದ ಮೇಲಿನ ಎರಡು ಬೇರೆ ಬೇರೆ ಬಿಂದುಗಳ ಬಿಂಬಗಳು ಒಂದೇ ಕಡೆ ಬೀಳುವುದಿಲ್ಲ. ಹಾಗೆ ಬಿದ್ದಿದ್ದರೆ ಗೋಪುರದ ಆಕೃತಿಯೇ ಗುರುತು ಸಿಕ್ಕುತ್ತಿರಲಿಲ್ಲ. ಉತ್ಪನ್ನವು ಕೊಡುವ ಉತ್ತರವನ್ನು ಗಣಿತದಲ್ಲಿಯೂ ‘ಬಿಂಬ’ ಎಂದೇ ಕರೆಯುತ್ತಾರೆ. ಬೇರೆ ಬೇರೆ ಗಣಾಂಶಗಳಿಗೆ ಬೇರೆ ಬೇರೆ ಬಿಂಬಗಳಿದ್ದರೆ ಅದು ಏಕ-ಏಕ ಉತ್ಪನ್ನ. ಅಂತಹ ಉತ್ಪನ್ನದಲ್ಲಿ ಬಿಂಬವನ್ನು ಹಿಡಿದು ಮೂಲಕ್ಕೆ ಮರಳಬಹುದು; ಹಾಗೆ ಮರಳಿಸುವ ನಿಯಮಕ್ಕೆ ವಿಲೋಮ ಉತ್ಪನ್ನವೆಂದು ಹೆಸರು.

ಭಾರತೀಯ ಗಣಿತದಲ್ಲಿ ಈ ಬಗೆಯ ವಿಚಾರದ ಅತಿ ಪರಿಚಿತ ರೂಪ ತ್ರೈರಾಶಿಕ. ಒಂಬತ್ತನೆಯ ಶತಮಾನದಲ್ಲಿ ಅಮೋಘವರ್ಷ ನೃಪತುಂಗನ ಆಳ್ವಿಕೆಯ ಕಾಲದಲ್ಲಿದ್ದ ಮಹಾವೀರಾಚಾರ್ಯನು ತನ್ನ ‘ಗಣಿತಸಾರಸಂಗ್ರಹ’ದಲ್ಲಿ ಇದಕ್ಕೆ ವಿಸ್ತಾರವಾದ ಸ್ಥಾನ ಕೊಟ್ಟಿದ್ದಾನೆ. ಇಷ್ಟಕ್ಕೆ ಇಷ್ಟಾದರೆ ಅಷ್ಟಕ್ಕೆ ಎಷ್ಟು ಎಂಬ ಪ್ರಶ್ನೆ ಒಂದು ಬಗೆಯ ಉತ್ಪನ್ನವನ್ನೇ ಕೇಳುತ್ತದೆ. ಹೊರಹರಿವಿನ ಲೆಕ್ಕ ಈ ಜಾತಿಗೆ ಸೇರಿದುದು. ಒಂದು ದಿನಕ್ಕೆ 86,400 ಸೆಕೆಂಡುಗಳಿರುವುದರಿಂದ, 1 ಕ್ಯೂಸೆಕ್ ನೀರು ದಿನವಿಡೀ ಹರಿದರೆ 86,400 ಘನ ಅಡಿಯಾಗುತ್ತದೆ. 1 ಲಕ್ಷ ಕ್ಯೂಸೆಕ್ ಹರಿದರೆ 8.64 ಟಿಎಂಸಿ. ಹರಿವು ಇಮ್ಮಡಿಯಾದರೆ ನೀರೂ ಇಮ್ಮಡಿ. ನಕ್ಷೆ ಬರೆದರೆ ಸರಳರೇಖೆ. ಇದರ ಸೊಗಸಿಗೆ ಮನಸೋತು ಎಲ್ಲ ಉತ್ಪನ್ನಗಳೂ ಹೀಗೆಯೇ ಇರುತ್ತವೆಂದು ನಂಬಿಬಿಡುವುದು ವಿದ್ಯಾರ್ಥಿಗಳಲ್ಲಿ ಸಾಮಾನ್ಯವಾದ ತಪ್ಪು. ದೊಡ್ಡವರೂ ಅದರಿಂದ ಪೂರ್ತಿ ಪಾರಾದವರಲ್ಲ.

ಯೂರೋಪಿನಲ್ಲಿ ಲೈಬ್ನಿಟ್ಸ್ 1673ರ ಒಂದು ಬರಹದಲ್ಲಿ ಉತ್ಪನ್ನಕ್ಕೆ ಇಂದಿನ ಹೆಸರನ್ನು ಬಳಸಿದನು. 1734ರಲ್ಲಿ ಆಯ್ಲರ್ ಅದನ್ನು ಬರೆಯುವ ಕ್ರಮವನ್ನು ತಂದನು: ಉತ್ಪನ್ನದ ಗುರುತಿನ ಮುಂದೆ ಆವರಣದೊಳಗೆ ಮೂಲಸಂಖ್ಯೆ. ಆ ಕಾಲದವರ ಮನಸ್ಸಿನಲ್ಲಿ ಉತ್ಪನ್ನವೆಂದರೆ ಬಹುಮಟ್ಟಿಗೆ ಒಂದು ಸೂತ್ರ. 1837ರಲ್ಲಿ ಡಿರಿಷ್ಲೆ ಈ ಬಂಧನವನ್ನು ಸಡಿಲಿಸಿದನು. ಪ್ರತಿಯೊಂದು ಮೂಲಸಂಖ್ಯೆಗೂ ನಿಶ್ಚಿತವಾದ ಒಂದು ಉತ್ತರವಿದ್ದರೆ ಸಾಕು. ಅದನ್ನು ಸೂತ್ರವೊಂದರಲ್ಲಿ ಬರೆಯಲು ಬರಲೇಬೇಕೆಂದಿಲ್ಲ ಎಂಬುದು ಅವನ ನಿಲುವಾಗಿತ್ತು. ಬೆಟ್ಟಗುಡ್ಡ ಹಳ್ಳಕೊಳ್ಳಗಳ ಮೇಲೆ ನಿಂತ ನೀರಿಗೆ ಈ ವಿಶಾಲವಾದ ಅರ್ಥವೇ ಬೇಕು.

ಜಲಾಶಯದ ಲೆಕ್ಕವನ್ನು ತಿಳಿಯಲು ಹಂಪಿಯ ಪುಷ್ಕರಣಿಗೆ ಹೋಗುವುದು ಸುಲಭದ ದಾರಿ. ಅರಮನೆಯ ಆವರಣದಲ್ಲಿ 1980ರ ದಶಕದ ಉತ್ಖನನದಿಂದ ಬೆಳಕಿಗೆ ಬಂದ ಮೆಟ್ಟಿಲುಗಳ ಕೊಳವನ್ನು ನೋಡಿದವರು ಮರೆಯಲಾರರು. ಕಪ್ಪು ಕಲ್ಲಿನ ಹಂತಗಳು ನಾಲ್ಕು ಕಡೆಯಿಂದಲೂ ಒಳಗೆ ಸರಿಯುತ್ತ ತಳಕ್ಕೆ ಇಳಿಯುತ್ತವೆ. ಕಲ್ಲಿನ ಕಾಲುವೆಯೊಂದು ಅದಕ್ಕೆ ನೀರು ತರುವಂತೆ ಎತ್ತರದಲ್ಲಿ ನಿಂತಿದೆ. ಅಂತಹದೇ, ಆದರೆ ಲೆಕ್ಕಕ್ಕೆ ಅನುಕೂಲವಾದ ಚಿಕ್ಕ ಕೊಳವೊಂದನ್ನು ಕಲ್ಪಿಸಿಕೊಳ್ಳಬೇಕು. ಅದಕ್ಕೆ ಮೂರು ಹಂತಗಳು. ಪ್ರತಿಯೊಂದು ಹಂತದ ಎತ್ತರ 1 ಮೀಟರ್. ತಳದ ಹಂತ 2 ಮೀಟರ್ ಬಾಹುವಿನ ಚೌಕ, ನಡುವಿನದು 4 ಮೀಟರ್, ಮೇಲಿನದು 6 ಮೀಟರ್. ನೀರು 1 ಮೀಟರ್ ನಿಂತಾಗ ಸಂಗ್ರಹ 2 × 2 × 1 = 4 ಘನ ಮೀಟರ್. ಎರಡನೆಯ ಮೀಟರಿನಲ್ಲಿ 16 ಘನ ಮೀಟರ್ ಸೇರಿ ಸಂಗ್ರಹ 20 ಆಗುತ್ತದೆ. ಮೂರನೆಯ ಮೀಟರಿನಲ್ಲಿ 36 ಸೇರಿ 56 ಆಗುತ್ತದೆ.

ಮಟ್ಟವನ್ನು ‘ಮ’ ಎಂದೂ ಸಂಗ್ರಹವನ್ನು ಉ(ಮ) ಎಂದೂ ಬರೆದರೆ ಉ(1) = 4, ಉ(2) = 20, ಉ(3) = 56. ತ್ರೈರಾಶಿಕವನ್ನೇ ನಂಬಿದವನು 1 ಮೀಟರಿಗೆ 4 ಆದರೆ 3 ಮೀಟರಿಗೆ 12 ಎನ್ನುತ್ತಾನೆ. ನಿಜವಾಗಿ ಅದರ ನಾಲ್ಕೂವರೆ ಪಾಲಿಗಿಂತ ಹೆಚ್ಚು ನೀರಿದೆ. ಮೇಲಿನಿಂದ ಲೆಕ್ಕ ಹಿಡಿದರೆ ತಪ್ಪು ಇನ್ನೂ ಅಪಾಯಕರವಾಗುತ್ತದೆ. ಕೊಳ ಅರ್ಧ ಎತ್ತರಕ್ಕೆ, ಅಂದರೆ ಒಂದೂವರೆ ಮೀಟರಿಗೆ ಇಳಿದಾಗ ಅರ್ಧ ನೀರು, ಅಂದರೆ 28 ಘನ ಮೀಟರ್ ಉಳಿದಿದೆಯೆಂದು ತೋರಬಹುದು. ಲೆಕ್ಕ ಮಾಡಿದರೆ ತಳದ ಹಂತದ 4, ನಡುವಿನ ಅರ್ಧ ಹಂತದ 8, ಒಟ್ಟು 12 ಮಾತ್ರ. ಬೇಸಗೆಯ ಕೊನೆಯಲ್ಲಿ ಕೆರೆಯ ನೀರು ಹೇಳದೆ ಕೇಳದೆ ಮುಗಿದುಹೋಯಿತೆಂದು ಹಳ್ಳಿಗರು ಬೆರಗಾಗುವುದರ ಕಾರಣ ಇದೇ.

ಎಷ್ಟೇ ಡೊಂಕಾಗಿದ್ದರೂ ಈ ಉತ್ಪನ್ನಕ್ಕೆ ಒಂದು ಒಳ್ಳೆಯ ಗುಣವಿದೆ. ಮಟ್ಟ ಏರಿದಾಗಲೆಲ್ಲ ಸಂಗ್ರಹ ಏರುತ್ತದೆ. ಎರಡು ಬೇರೆ ಮಟ್ಟಗಳಿಗೆ ಒಂದೇ ಸಂಗ್ರಹ ಎಂದಿಗೂ ಬರುವುದಿಲ್ಲ. ಆದ್ದರಿಂದ ಇದು ಏಕ-ಏಕ ಉತ್ಪನ್ನ. ಮಟ್ಟ ತಿಳಿದರೆ ಸಂಗ್ರಹವನ್ನೂ, ಸಂಗ್ರಹ ತಿಳಿದರೆ ಮಟ್ಟವನ್ನೂ ಹೇಳಬಹುದು.

ತುಂಗಭದ್ರಾ ಅಣೆಕಟ್ಟೆಯ ಶಂಕುಸ್ಥಾಪನೆ 1945ರಲ್ಲಿ ಆಯಿತು. ಆಗ ನದಿಯ ಒಂದು ದಡ ಹೈದರಾಬಾದು ಸಂಸ್ಥಾನಕ್ಕೂ ಇನ್ನೊಂದು ದಡ ಮದರಾಸು ಪ್ರಾಂತ್ಯಕ್ಕೂ ಸೇರಿತ್ತು. 1953ರಲ್ಲಿ ಕಾಲುವೆಗಳಿಗೆ ನೀರು ಹರಿಯಿತು. ಜಲಾಶಯದ ಪೂರ್ಣಮಟ್ಟ ಸಮುದ್ರಮಟ್ಟದಿಂದ 1633 ಅಡಿ. ಇಂತಹ ಜಲಾಶಯದ ಸಂಗ್ರಹವನ್ನು ತಿಳಿಯುವ ಕ್ರಮ ಪುಷ್ಕರಣಿಯ ಲೆಕ್ಕಕ್ಕಿಂತ ಬೇರೆಯಲ್ಲ. ಮೆಟ್ಟಿಲುಗಳು ಅಸಂಖ್ಯ, ಆಕಾರ ಅಡ್ಡಾದಿಡ್ಡಿ, ಅಷ್ಟೆ. ಕಣಿವೆಯನ್ನು ಮೋಜಣಿ ಮಾಡಿ, ಒಂದೇ ಎತ್ತರದಲ್ಲಿರುವ ಜಾಗಗಳನ್ನು ಕೂಡಿಸುವ ರೇಖೆಗಳನ್ನು ಎಳೆದು, ಪ್ರತಿಯೊಂದು ರೇಖೆಯೊಳಗಿನ ವಿಸ್ತೀರ್ಣವನ್ನು ಕಂಡುಹಿಡಿಯುತ್ತಾರೆ. ಒಂದರ ಮೇಲೊಂದಿರುವ ಎರಡು ವಿಸ್ತೀರ್ಣಗಳ ಸರಾಸರಿಯನ್ನು ಅವುಗಳ ನಡುವಣ ಎತ್ತರದಿಂದ ಗುಣಿಸಿದರೆ ಆ ಪದರದ ನೀರು ಸಿಗುತ್ತದೆ. ತಳದಿಂದ ಪದರಗಳನ್ನು ಕೂಡುತ್ತ ಬಂದರೆ ಮಟ್ಟಕ್ಕೆ ಸಂಗ್ರಹವನ್ನು ಹೇಳುವ ಕೋಷ್ಟಕ ಸಿದ್ಧವಾಗುತ್ತದೆ. ಸೂತ್ರವಿಲ್ಲದ, ಆದರೆ ಪೂರ್ಣ ಅರ್ಥದಲ್ಲಿ ಉತ್ಪನ್ನವೇ ಆದ ಕೋಷ್ಟಕ ಅದು.

ಈ ಕೋಷ್ಟಕದ ಮೇಲ್ತುದಿಯಲ್ಲಿ ಒಂದು ಅಡಿಯ ಬೆಲೆ ಎಷ್ಟೆಂದು ನೋಡಬೇಕು. 378 ಚದರ ಕಿಲೋಮೀಟರ್ ಹರವಿನ ಮೇಲೆ ಒಂದು ಅಡಿ ನೀರು ನಿಂತರೆ ಸುಮಾರು 11.5 ಕೋಟಿ ಘನ ಮೀಟರ್ ಆಗುತ್ತದೆ. 1 ಟಿಎಂಸಿ ಸುಮಾರು 2.83 ಕೋಟಿ ಘನ ಮೀಟರಿಗೆ ಸಮನಾದುದರಿಂದ ಆ ಒಂದು ಅಡಿಯಲ್ಲಿ ಸುಮಾರು 4 ಟಿಎಂಸಿ ನೀರಿದೆ. ಒಂದು ಅಂಗುಲವನ್ನು ತಪ್ಪಿ ಓದಿದರೂ ಮೂರನೆಯ ಒಂದು ಟಿಎಂಸಿ ಕಾಗದದ ಮೇಲೆ ಹುಟ್ಟಿಕೊಳ್ಳುತ್ತದೆ ಇಲ್ಲವೆ ಮಾಯವಾಗುತ್ತದೆ. ಕರ್ನಾಟಕ, ಆಂಧ್ರಪ್ರದೇಶ, ತೆಲಂಗಾಣ ಮೂರು ರಾಜ್ಯಗಳಿಗೂ ಸಂಬಂಧಪಟ್ಟ ನೀರು ಇದು. ಒಂದೇ ಮಟ್ಟವನ್ನು ನೋಡಿ ಒಬ್ಬರು ಒಂದು ಸಂಗ್ರಹವನ್ನೂ ಇನ್ನೊಬ್ಬರು ಇನ್ನೊಂದನ್ನೂ ಹೇಳಿದರೆ ಪಾಲಿನ ಮಾತು ಜಗಳವಾಗಿ ಮುಗಿಯುತ್ತದೆ. ‘ಒಂದೇ ಒಂದು ಬಿಂಬ’ ಎಂಬ ನಿಯಮ ಪಠ್ಯಪುಸ್ತಕದಲ್ಲಿ ಒಣ ಮಾತಾಗಿ ಕಂಡರೂ ಕಾಲುವೆಯ ದಂಡೆಯಲ್ಲಿ ಅದು ನ್ಯಾಯದ ಆಧಾರ.

ಆದರೆ ಕೋಷ್ಟಕ ಶಾಶ್ವತವಲ್ಲ. ನದಿ ನೀರಿನೊಡನೆ ಮಣ್ಣನ್ನೂ ತರುತ್ತದೆ. ನಿಂತ ನೀರಿನಲ್ಲಿ ಮಣ್ಣು ತಳಕ್ಕೆ ಇಳಿದು ಹೂಳಾಗುತ್ತದೆ. ಪುಷ್ಕರಣಿಯ ತಳದ ಹಂತ ಮಣ್ಣಿನಿಂದ ತುಂಬಿತೆಂದು ಭಾವಿಸಿದರೆ 3 ಮೀಟರ್ ಮಟ್ಟಕ್ಕೆ ಸಂಗ್ರಹ 56ರ ಬದಲು 52 ಆಗುತ್ತದೆ. ಗೋಡೆಯ ಮೇಲಿನ ಅಳತೆಪಟ್ಟಿ ಮಾತ್ರ ಮೊದಲಿನಂತೆಯೇ 3 ಎಂದು ತೋರಿಸುತ್ತಿರುತ್ತದೆ. ತುಂಗಭದ್ರೆಯಲ್ಲಿ ನಡೆದದ್ದೂ ಇದೇ. ಆರಂಭದಲ್ಲಿ 1633 ಅಡಿ ಎಂದರೆ ಸುಮಾರು 133 ಟಿಎಂಸಿ. 2008ರ ಅಳತೆಯಂತೆ ಅದೇ 1633 ಅಡಿಗೆ 100.855 ಟಿಎಂಸಿ, 2016ರ ಅಳತೆಯಂತೆ 105.788 ಟಿಎಂಸಿ. ಮೂರು ಸಂಖ್ಯೆಗಳನ್ನೂ ಒಂದೇ ಪಟ್ಟಿಯಲ್ಲಿಟ್ಟರೆ ಒಂದು ಮಟ್ಟಕ್ಕೆ ಮೂರು ಬಿಂಬಗಳು ಬಂದು ಉತ್ಪನ್ನವೇ ಇಲ್ಲವಾಗುತ್ತದೆ, ಹಳೆಯ ಮತ್ತು ಹೊಸ ಜಿಲ್ಲೆಗಳ ಪಟ್ಟಿಗಳನ್ನು ಬೆರೆಸಿದಾಗ ಆದಂತೆಯೇ. ಯಾವ ಅಳತೆಯ ಕೋಷ್ಟಕವೆಂಬುದನ್ನು ಮೊದಲು ಗೊತ್ತುಮಾಡಿಕೊಂಡಾಗಲೇ ಮಟ್ಟದ ಮಾತಿಗೆ ಅರ್ಥ ಬರುತ್ತದೆ. ಸಂಡೂರಿನ ಅದಿರಿಗೆ ದರ್ಜೆ ಹೇಗೋ ಜಲಾಶಯಕ್ಕೆ ಅಳತೆಯ ವರ್ಷ ಹಾಗೆ.

ಹೊಸ ಅಳತೆಯನ್ನು ಅಲಕ್ಷಿಸಿ ಹಳೆಯ ಕೋಷ್ಟಕವನ್ನೇ ಹಿಡಿದಿದ್ದರೆ ಏನಾಗುತ್ತಿತ್ತು? ತುಂಬಿದ ಜಲಾಶಯದಲ್ಲಿ ಸುಮಾರು 27 ಟಿಎಂಸಿ ನೀರು ಇಲ್ಲದಿದ್ದರೂ ಇದೆಯೆಂದು ಬರೆದುಕೊಳ್ಳಬೇಕಾಗುತ್ತಿತ್ತು. ಒಂದು ಎಕರೆಯ ಮೇಲೆ ಒಂದು ಅಡಿ ನೀರು ನಿಲ್ಲಿಸಲು 43,560 ಘನ ಅಡಿ ಬೇಕು. ಆ ಲೆಕ್ಕದಲ್ಲಿ 27 ಟಿಎಂಸಿ ಎಂದರೆ ಸುಮಾರು 6 ಲಕ್ಷ 20 ಸಾವಿರ ಎಕರೆಯ ಮೇಲೆ ಒಂದು ಅಡಿ ನೀರು. ಅಷ್ಟು ನೀರಿನ ಭರವಸೆಯ ಮೇಲೆ ನಾಟಿ ಮಾಡಿದ ಪೈರು ತೆನೆ ಬಿಡುವ ಹೊತ್ತಿಗೆ ಕಾಲುವೆ ಒಣಗುತ್ತಿತ್ತು. ಕಾಲುವೆಯ ಕೊನೆಯ ಭಾಗದ ಹೊಲಗಳು ಮೊದಲು ಒಣಗುತ್ತಿದ್ದುವು.

ಉತ್ಪನ್ನಗಳ ಬೆಲೆ ಎಲ್ಲರಿಗೂ ಅರಿವಾದದ್ದು 2024ರ ಆಗಸ್ಟ್ ತಿಂಗಳಲ್ಲಿ. ಅಣೆಕಟ್ಟೆಯ ಮೇಲ್ಭಾಗದಲ್ಲಿ 33 ಕ್ರೆಸ್ಟ್ ಗೇಟುಗಳಿವೆ. ಪ್ರತಿಯೊಂದು ಗೇಟಿನ ಅಗಲ 60 ಅಡಿ, ಎತ್ತರ 20 ಅಡಿ. ಅವು ನಿಂತಿರುವ ಹೊಸ್ತಿಲಿನ ಮಟ್ಟ 1613 ಅಡಿ. ಆಗಸ್ಟ್ 10ರ ರಾತ್ರಿ, ಜಲಾಶಯ ತುಂಬಿ ನಿಂತಿದ್ದಾಗ, 19ನೆಯ ಗೇಟಿನ ಸರಪಳಿ ತುಂಡಾಗಿ ಗೇಟು ಕೊಚ್ಚಿಹೋಯಿತು. ಆ ದಾರಿಯಿಂದ ನೀರು ತಡೆಯಿಲ್ಲದೆ ನದಿಗೆ ಧುಮುಕತೊಡಗಿತು. ಅಣೆಕಟ್ಟೆಯ ಮೇಲಿನ ಒತ್ತಡವನ್ನು ಇಳಿಸಲು ಉಳಿದ ಗೇಟುಗಳಿಂದಲೂ ನೀರು ಬಿಡಬೇಕಾಯಿತು.

ತೆರೆದ ಹೊಸ್ತಿಲಿನ ಮೇಲೆ ಹರಿಯುವ ನೀರಿಗೂ ಒಂದು ಉತ್ಪನ್ನವಿದೆ. ಹೊಸ್ತಿಲಿನ ಮೇಲಿನ ನೀರಿನ ಆಳವನ್ನು ಅದೇ ಆಳದ ವರ್ಗಮೂಲದಿಂದ ಗುಣಿಸಿದರೆ ಬರುವ ಸಂಖ್ಯೆಗೆ ಹರಿವು ಸ್ಥೂಲವಾಗಿ ಅನುಪಾತದಲ್ಲಿರುತ್ತದೆ. ಆಳ 16 ಅಡಿ ಇದ್ದಾಗ 16 × 4 = 64; 9 ಅಡಿ ಇದ್ದಾಗ 9 × 3 = 27; 4 ಅಡಿ ಇದ್ದಾಗ 4 × 2 = 8. ಪೂರ್ಣಮಟ್ಟದ 20 ಅಡಿಗೆ ಇದು ಸುಮಾರು 89. ಆಳ ನಾಲ್ಕನೆಯ ಒಂದು ಪಾಲಾದಾಗ ಹರಿವು ಎಂಟನೆಯ ಒಂದು ಪಾಲಿಗೆ ಇಳಿಯುತ್ತದೆ. ತ್ರೈರಾಶಿಕ ಇಲ್ಲಿಯೂ ಸೋಲುತ್ತದೆ. ಈ ನಿಯಮದ ಪ್ರಾಂತವನ್ನೂ ಗಮನಿಸಬೇಕು. ಮಟ್ಟ 1613 ಅಡಿಗಿಂತ ಕೆಳಗಿದ್ದರೆ ಆಳ ಋಣಸಂಖ್ಯೆಯಾಗಿ ಅದರ ವರ್ಗಮೂಲಕ್ಕೆ ಇಲ್ಲಿ ಅರ್ಥವಿಲ್ಲ. ನೀರು ಹೊಸ್ತಿಲನ್ನೇ ಮುಟ್ಟದಿರುವಾಗ ಸೂತ್ರದ ಹಂಗೂ ಇಲ್ಲ, ಹರಿವು ಸೊನ್ನೆ.

ಹೀಗೆ ಎರಡು ಉತ್ಪನ್ನಗಳು ಎದುರುಬದುರಾಗಿ ನಿಂತುವು. ಮಟ್ಟ ಇಳಿದಷ್ಟೂ ಹರಿವಿನ ರಭಸ ಕಡಿಮೆಯಾಗಿ ತಡೆಗೋಡೆ ಇಳಿಸುವ ಕೆಲಸ ಸುಗಮವಾಗುತ್ತದೆ. ಆದರೆ ಮಟ್ಟ ಇಳಿದಷ್ಟೂ, ಅಡಿಗೆ ಸುಮಾರು ನಾಲ್ಕು ಟಿಎಂಸಿಯಂತೆ, ಬೇಸಾಯಗಾರರ ನೀರು ನದಿಯ ಪಾಲಾಗುತ್ತದೆ. ಹೊಸ್ತಿಲು ಕಾಣುವವರೆಗೆ ಕಾದಿದ್ದರೆ ಕೆಲಸ ನಿರಾತಂಕವಾಗಿ ನಡೆಯುತ್ತಿತ್ತು. ಅಷ್ಟರಲ್ಲಿ ಜಲಾಶಯದ ಅರ್ಧಕ್ಕಿಂತ ಹೆಚ್ಚು ನೀರು ಹೋಗಿಬಿಡುತ್ತಿತ್ತು. ಗೇಟುಗಳ ವಿಷಯದಲ್ಲಿ ಪರಿಣತರಾದ ಎನ್. ಕನ್ನಯ್ಯ ನಾಯ್ಡು ಅವರ ಮಾರ್ಗದರ್ಶನದಲ್ಲಿ, ಹರಿಯುವ ನೀರಿನಲ್ಲಿಯೇ ಉಕ್ಕಿನ ತಡೆಫಲಕಗಳನ್ನು ಒಂದರ ಮೇಲೊಂದರಂತೆ ಇಳಿಸುವ ಕಠಿನವಾದ ದಾರಿಯನ್ನು ಆರಿಸಿಕೊಳ್ಳಲಾಯಿತು. ಪ್ರತಿಯೊಂದು ಫಲಕ 4 ಅಡಿ ಎತ್ತರ, ಒಟ್ಟು ಐದು. ಮೊದಲನೆಯದು ಆಗಸ್ಟ್ 16ರಂದು ಇಳಿಯಿತು, ಮರುದಿನ ಉಳಿದುವೂ ಕುಳಿತುವು. ಕೆಲಸಗಾರರು ಆ ರಭಸದ ಮೇಲೆ ನಿಂತು ಮಾಡಿದ ಕೆಲಸವನ್ನು ಯಾವ ಕೋಷ್ಟಕವೂ ಹೇಳಲಾರದು. ಆ ವರ್ಷ ಮಳೆ ಮುಂದೆಯೂ ಕೈಬಿಡಲಿಲ್ಲ. ಜಲಾಶಯ ಬಹುಮಟ್ಟಿಗೆ ಮತ್ತೆ ತುಂಬಿಕೊಂಡಿತು.

ಮರುವರ್ಷ, 2025ರ ಮಳೆಗಾಲದಲ್ಲಿ, ಹಳೆಯ ಗೇಟುಗಳ ಸುರಕ್ಷತೆಯ ದೃಷ್ಟಿಯಿಂದ ಸಂಗ್ರಹವನ್ನು ಸುಮಾರು 80 ಟಿಎಂಸಿಗೆ ಮಿತಿಗೊಳಿಸಲಾಯಿತು. ಇಲ್ಲಿ ಪ್ರಶ್ನೆಯ ದಿಕ್ಕೇ ತಿರುಗಿತು. ಸಂಗ್ರಹವನ್ನು ಮೊದಲು ನಿಶ್ಚಯಿಸಿ ಅನಂತರ ಮಟ್ಟವನ್ನು ಕೇಳಬೇಕಾಯಿತು. ಉತ್ಪನ್ನ ಏಕ-ಏಕವಾದುದರಿಂದ ಉತ್ತರ ಸಂದೇಹವಿಲ್ಲದೆ ದೊರೆಯಿತು: ಸುಮಾರು 1626 ಅಡಿ. ಪೂರ್ಣಮಟ್ಟಕ್ಕಿಂತ ಅದು 7 ಅಡಿ ಕೆಳಗೆ. ಅಡಿಗೆ 4 ಟಿಎಂಸಿಯಂತೆ ಕಳೆದರೆ 105.788ರಿಂದ 28 ಹೋಗಿ ಸುಮಾರು 77.8 ಉಳಿಯಬೇಕಾಗಿತ್ತು. ಕೋಷ್ಟಕ 80ರ ಆಸುಪಾಸನ್ನು ತೋರಿಸುತ್ತದೆ. ಲೆಕ್ಕ ತಪ್ಪಿದ್ದಲ್ಲ, ಪುಷ್ಕರಣಿಯ ಮೆಟ್ಟಿಲುಗಳಂತೆ ಇಲ್ಲಿಯೂ ಕೆಳಗಿಳಿದಂತೆ ನೀರಿನ ಹರವು ಕಿರಿದಾಗುತ್ತದೆ, ಕೆಳಗಿನ ಅಡಿಗಳಲ್ಲಿ ನಾಲ್ಕು ಟಿಎಂಸಿ ಪೂರ್ತಿ ಇರುವುದಿಲ್ಲ.